ಪಾಷಂಡಿಗೆ ಮೂವತ್ತು ದಿನದ ನೋಟಿಸು

ಶಿಕಾರಿಪುರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪತ್ರ ಬರೆಯುವವನು ನಾನು. ಕ್ರಯಪತ್ರ, ದಾನಪತ್ರ, ಬಾಡಿಗೆ ಕರಾರು, ಅಣ್ಣತಮ್ಮಂದಿರ ವಿಭಾಗಪತ್ರ, ಯಾವುದನ್ನೇ ಹೇಳಿ, ಕಾಗದ ಮುಂದಿಟ್ಟರೆ ಸಾಕು. 'ಸದರಿ' ಎಂಬ ಪದದಿಂದ ಹೊರಟ ನನ್ನ ಲೇಖನಿ ಎರಡು ಪುಟ ದಾಟಿದ ಮೇಲೆಯೇ ಮೊದಲ ಪೂರ್ಣವಿರಾಮ ಇಡುತ್ತದೆ. ನಾನು ಬರೆದ ಪತ್ರದಲ್ಲಿ ಲೋಪ ಹುಡುಕುವ ವಕೀಲ ಇನ್ನೂ ಹುಟ್ಟಿಲ್ಲ ಎಂದು ಊರೆಲ್ಲ ಹೇಳುತ್ತಾರೆ. ಊರಿಗೆ ಹಾಗೆ ಹೇಳಿದವನು ನಾನೇ. ಇಂಥ ನನಗೆ ನಾಲ್ಕು ಧರ್ಮಗಳನ್ನು, ಜೊತೆಗೆ ಅವುಗಳನ್ನು ಧಿಕ್ಕರಿಸುವ ಪಾಷಂಡಿಗಳನ್ನು ಸೃಷ್ಟಿಸುವುದು ಯಾವ ಮಹಾ ಕೆಲಸ ಅಂದುಕೊಂಡೆ.

ಇದಕ್ಕೆಲ್ಲ ಕಾರಣ ಚೈತ್ರಾ. ಶಿವಮೊಗ್ಗದ ಹುಡುಗಿ, ಹಲಗೆಯ ಮೇಲೆ ಕಾಯಿ ನಡೆಸಿ ಆಡುವ ಹೊಸ ಹೊಸ ಆಟಗಳನ್ನು ತಯಾರಿಸಿ ಮಾರುತ್ತಾಳೆ. ನಮ್ಮೂರಲ್ಲಿ ಒಂದು ಶೆಡ್ ಹಿಡಿದಿದ್ದಳು. ಅದರ ಬಾಡಿಗೆ ಕರಾರು ಬರೆಸಲು ನನ್ನ ಹತ್ತಿರ ಬಂದಳು. ಬಳ್ಳಿಗಾವಿಯ ಹಳೆಯ ಗುಡಿಗಳನ್ನು ಸುತ್ತಿ ಬಂದ ಮೇಲೆ ಅವಳಿಗೆ ಒಂದು ಆಟ ಹೊಳೆದಿತ್ತಂತೆ. ಹಿಂದಿನ ಕಾಲದ ನಾಲ್ವರು ಸಾಮಂತ ರಾಜರು, ಅವರ ಕೋಟೆ, ಕೆರೆ, ಸೈನ್ಯ, ಒಬ್ಬರ ಮೇಲೊಬ್ಬರ ಹುನ್ನಾರ.

"ಯುದ್ಧ ಸರಿಯಾಗಿ ಕೂತಿದೆ ಸಾರ್, ಕೆರೆ ಕಟ್ಟೋದೂ ಕೂತಿದೆ. ಧರ್ಮ ಮಾತ್ರ ಕೂರ್ತಾ ಇಲ್ಲ," ಎಂದಳು. "ರಾಜನ ಪಂಥದೊಳಗೇ ಪಾಷಂಡಿಗಳು ಹುಟ್ಟಬೇಕು, ಅವನಿಗೆ ತಲೆನೋವಾಗಬೇಕು. ಆ ನಿಯಮ ಎಷ್ಟು ಸಲ ಬರೆದ್ರೂ ಸಪ್ಪೆ."

"ಪಾಷಂಡಿ ಅಂದ್ರೆ ನಿಮ್ಮ ಆಟದಲ್ಲಿ ಯಾರಮ್ಮ?"

"ಒಳಗಿದ್ದುಕೊಂಡೇ ಇದು ಸರಿಯಿಲ್ಲ ಅನ್ನೋನು."

ನನ್ನ ಕಿವಿ ನೆಟ್ಟಗಾಯಿತು. ಇದನ್ನು ನಾನು ವಾರಕ್ಕೆರಡು ಸಲ ಬರೆಯುತ್ತೇನಲ್ಲ! ಒಂದೇ ಮನೆಯಲ್ಲಿದ್ದ ತಮ್ಮ ಒಂದು ದಿನ ಎದ್ದು ನಿಂತು ಇದು ಸರಿಯಿಲ್ಲ ಅನ್ನುತ್ತಾನೆ, ಮಾರನೆಯ ದಿನ ನನ್ನ ಹತ್ತಿರ ವಿಭಾಗಪತ್ರಕ್ಕೆ ಬರುತ್ತಾನೆ. ಪಾಷಂಡ ಎಂದರೆ ದೇವರ ಆಸ್ತಿಯಲ್ಲಿ ಪಾಲು ಕೇಳುವುದು, ಅಷ್ಟೇ. "ಹದಿನೈದು ದಿನ ಕೊಡಿ, ಧರ್ಮ ನಾನು ಮಾಡಿಕೊಡ್ತೀನಿ," ಎಂದುಬಿಟ್ಟೆ. ಅವಳು ಪಾಪ, ನಂಬಿದಳು.

ಈಗ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆಗೆ ರಸ್ತೆ ಕಡೆ ಒಂದು ಕೋಣೆಯಿದೆ. ಗಾಳಿ, ಬೆಳಕು, ಹೋಗಿಬರುವವರನ್ನು ನೋಡಲು ದೊಡ್ಡ ಕಿಟಕಿ, ಎಲ್ಲ ಇರುವ ಒಂದೇ ಕೋಣೆ ಅದು. ಅದರಲ್ಲಿ ನಾನಿದ್ದೆ. ನನ್ನ ಹೆಂಡತಿ ಗಿರಿಜಾ ಬೀದಿಯ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಾಳೆ. ಅವಳ ಮಿಷನ್ ಇದ್ದದ್ದು ಬಚ್ಚಲ ಪಕ್ಕದ ಸಂದಿಯಲ್ಲಿ. ಅಲ್ಲಿ ಮಟಮಟ ಮಧ್ಯಾಹ್ನವೂ ಬಲ್ಬು ಬೇಕು. ಯಾರಾದರೂ ಸ್ನಾನಕ್ಕೆ ಹೊರಟರೆ ಅವಳು ಹೊಲಿಗೆ ನಿಲ್ಲಿಸಿ, ಎದ್ದು, ಸ್ಟೂಲು ಸರಿಸಿ ದಾರಿ ಬಿಡಬೇಕು. ಆ ಕೋಣೆ ನನಗೆ ಕೊಡಿ ಎಂದು ಅವಳು ಕೇಳುತ್ತಲೇ ಇದ್ದಳು. ಅದು ಕಚೇರಿ ಎಂದು ನಾನು ಹೇಳುತ್ತಲೇ ಇದ್ದೆ.

ಆಟದ ಸುದ್ದಿ ಕೇಳಿ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಆ ಕೋಣೇಲಿ ಕೂತು ಇನ್ನು ಎಂತ ಮಾಡ್ತೀರಿ ನೀವು?"

"ಧರ್ಮ ಸಂಸ್ಥಾಪನೆ!"

"ಹಂಗಾದ್ರೆ ಒಂದ್ ಮಾತು. ಆ ಹುಡುಗಿ ನಿಮ್ಮ ನಿಯಮ ಒಪ್ಪಿದ್ರೆ ಕೋಣೆ ನಿಮ್ದು. ನಾನು ಇನ್ಯಾವತ್ತೂ ಬಾಯಿ ಬಿಡಲ್ಲ. ಒಪ್ಪದೇ ಹೋದ್ರೆ ನನ್ ಮಿಷನ್ ಒಳಗೆ, ನಿಮ್ ಮೇಜು ಸಂದಿಗೆ. ಆಗಬಹುದನ್ರೀ?"

"ಧಾರಾಳವಾಗಿ!" ಎಂದೆ. ಅವಳ ಮೇಲೆ ಸ್ವಲ್ಪ ಕನಿಕರವೂ ಬಂತು.

ನಿಜವಾದ ಮತಗಳ ತಂಟೆಗೆ ಹೋಗಕೂಡದು ಎನ್ನುವಷ್ಟು ಬುದ್ಧಿ ನನಗಿತ್ತು. ಹಾಗಾಗಿ ನಾಲ್ಕು ಪಂಥಗಳನ್ನು ನಾನೇ ಹುಟ್ಟಿಸಿದೆ. ಕೆರೆಯನ್ನು ಪೂಜಿಸುವ ಕೆರೆಪಂಥ, ಗುಡ್ಡವನ್ನು ಪೂಜಿಸುವ ಗುಡ್ಡಪಂಥ, ಒಲೆಯನ್ನು ಪೂಜಿಸುವ ಒಲೆಪಂಥ, ಹಕ್ಕಿಗಳನ್ನು ಪೂಜಿಸುವ ಹಕ್ಕಿಪಂಥ. ಒಂದೊಂದಕ್ಕೂ ಅದರದ್ದೇ ಪಾಷಂಡ. ದೇವರು ನೀರಿನಲ್ಲಿದ್ದಾನೆ ಎಂದು ಕೆರೆಪಂಥದವರು ಹೇಳಿದರೆ, ಅವರೊಳಗಿನ ಪಾಷಂಡಿಗಳು ಇಲ್ಲ, ಏರಿಯಲ್ಲಿದ್ದಾನೆ ಅನ್ನುತ್ತಾರೆ. ಇದು ನನಗೆ ಹೊಳೆದದ್ದು ಅಂಬ್ಲಿಗೊಳ ಜಲಾಶಯದ ಏರಿಯ ಮೇಲೆ ಬೈಕು ಕೈಕೊಟ್ಟು ಒಂದು ಗಂಟೆ ನಿಂತಾಗ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬರೆಯಲು ಕೂತದ್ದು ನಾನು.

ಪಾಷಂಡಿಯಾಗುವ ವಿಧಾನದ ಕಲಂ ಹೀಗಿತ್ತು: "ಸದರಿ ಪ್ರಜೆಯು ಸ್ವಸ್ಥಚಿತ್ತನಾಗಿ, ಯಾರ ಬಲವಂತವಾಗಲೀ ಪ್ರೇರಣೆಯಾಗಲೀ ಇಲ್ಲದೆ, ತನ್ನ ಖುದ್ದು ಇಚ್ಛೆಯಿಂದ ಪಾಷಂಡಿಯಾಗಲು ಒಪ್ಪಿ, ಇಬ್ಬರು ಸಾಕ್ಷಿಗಳ ಸಮಕ್ಷಮ ರುಜು ಹಾಕತಕ್ಕದ್ದು. ತರುವಾಯ ಮೂವತ್ತು ದಿನಗಳ ನೋಟಿಸು ಹೊರಡಿಸಿ, ಯಾವುದೇ ತಕರಾರು ಬಾರದಿದ್ದಲ್ಲಿ ಮಾತ್ರ ಸದರಿ ಪ್ರಜೆಯನ್ನು ಪಾಷಂಡಿಯೆಂದು ದಾಖಲಿಸತಕ್ಕದ್ದು." ದಾಳ ಒಮ್ಮೆ ಉರುಳಿದರೆ ಒಂದು ದಿನ. ಒಟ್ಟು ಅರವತ್ತಮೂರು ಪುಟ. ಓದಿಕೊಂಡಾಗ ನನಗೇ ರೋಮಾಂಚನವಾಯಿತು!

ರಟ್ಟಿನ ಮೇಲೆ ಹಲಗೆ ಗೀಚಿ ಮೊದಲ ಪರೀಕ್ಷೆಯನ್ನು ಗಿರಿಜಳ ಮೇಲೆ ಮಾಡಿದೆ. ಅವಳು ಹರಿವೆಸೊಪ್ಪು ಬಿಡಿಸುತ್ತ ಎಡಗೈಯಲ್ಲಿ ಕಾಯಿ ನಡೆಸಿದಳು. ಅವಳು ಕೆರೆಪಂಥದ ರಾಣಿ. ಕಾಯಿ ಗುಡ್ಡಪಂಥದ ಗುಡಿಯ ಮುಂದೆ ಬಂದು ನಿಂತಿತು.

"ಕೈ ಮುಗಿದೆ," ಎಂದಳು.

"ಮುಗಿಯೋ ಹಾಗಿಲ್ಲ! ನೀನು ಕೆರೆಪಂಥ."

"ಗುಡಿ ಮುಂದೆ ಹೋಗ್ತಾ ಕೈ ಮುಗೀದೆ ಹೋಗಕ್ಕಾಗ್ತದನ್ರೀ? ಹರಕೇನೂ ಹೊತ್ಕಂಡಾಯ್ತು. ಈ ಯುದ್ಧ ಗೆದ್ರೆ ಗುಡ್ಡಕ್ಕೆ ಎರಡು ಕಾಯಿ, ಹಕ್ಕಿಗೆ ಒಂದು ಸೇರು ಭತ್ತ."

ಸೊಪ್ಪು ಬಿಡಿಸಿ ಮುಗಿಯುವಷ್ಟರಲ್ಲಿ ಅವಳು ನಾಲ್ಕೂ ಪಂಥದ ಭಕ್ತೆಯಾಗಿದ್ದಳು. ಪ್ರಜೆಗಳೆಲ್ಲ ಸಂತೋಷವಾಗಿದ್ದರು. ಒಬ್ಬನೇ ಒಬ್ಬ ಪಾಷಂಡಿ ಹುಟ್ಟಲಿಲ್ಲ. ನನಗೆ ರೇಗಿಹೋಯಿತು. ಅಲ್ಲೇ ಕೂತು ಇಪ್ಪತ್ತೇಳನೆಯ ಕಲಂ ಸೇರಿಸಿದೆ: ಒಬ್ಬರಿಗೆ ಒಂದೇ ಪಂಥ, ಬೇರೆ ಗುಡಿಯ ಮುಂದೆ ಕೈ ಮುಗಿಯತಕ್ಕದ್ದಲ್ಲ.

"ಹಂಗಾದ್ರೆ ಈ ಆಟ ಯಾರೂ ಆಡಲ್ಲ ಬಿಡಿ," ಎಂದಳು. ನಾನು ಗಹಗಹಿಸಿ ನಕ್ಕೆ. ಆ ನಗು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹದಿನೈದನೆಯ ದಿನ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಚೈತ್ರಾ ಹಲಗೆ, ಕಾಯಿ, ನೋಟ್‌ಬುಕ್ಕಿನೊಂದಿಗೆ ಬಂದಳು. ಅವಳು ಆಡುವುದಿಲ್ಲ, ನೋಡಿ ಬರೆದುಕೊಳ್ಳುತ್ತಾಳೆ. ಆಡುವವರು ನಾಲ್ವರು: ಒಲೆಪಂಥಕ್ಕೆ ನಾನು, ಕೆರೆಪಂಥಕ್ಕೆ ಗಿರಿಜಾ, ಗುಡ್ಡಪಂಥಕ್ಕೆ ಪಕ್ಕದ ಮನೆಯ ಷಣ್ಮುಖಪ್ಪ, ಹಕ್ಕಿಪಂಥಕ್ಕೆ ಗಿರಿಜಳ ಅಣ್ಣ ಮಂಜಪ್ಪ. ಷಣ್ಮುಖಪ್ಪನವರದು ಬೀಜ ಗೊಬ್ಬರದ ಅಂಗಡಿ, ಬಯಲುಸೀಮೆಯಿಂದ ಬಂದವರು, ನೇರ ಮಾತಿನವರು. ಮಂಜಪ್ಪ ಸೊರಬದ ಕಡೆ ಅನಾನಸ್ ಬೆಳೆಯುತ್ತಾನೆ. ನಮ್ಮ ಮನೆಗೆ ಬರುವಾಗಲೆಲ್ಲ ಒಂದು ಚೀಲ ಅನಾನಸ್ ಹೊತ್ತು ತರುತ್ತಾನೆ, ಅವತ್ತೂ ತಂದಿದ್ದ. ಗುಡವಿ ಪಕ್ಷಿಧಾಮ ತನ್ನ ಮನೆಗೆ ಹತ್ತಿರ, ಹಕ್ಕಿಗಳ ಸ್ವಭಾವ ತನಗೆ ಗೊತ್ತು ಎಂದು ಹಕ್ಕಿಪಂಥವನ್ನು ಅವನೇ ಕೇಳಿ ಪಡೆದ.

ನಾನು ಕಲಂಗಳನ್ನು ಓದಿದೆ. ಐವತ್ತು ನಿಮಿಷ ಓದಿದೆ. ನಡುವೆ ಷಣ್ಮುಖಪ್ಪ ಎರಡು ಸಲ ತೂಕಡಿಸಿದರು, ನಾನು ಎರಡು ಸಲ ಹಿಂದಿನ ಪುಟಕ್ಕೆ ಹೋದೆ.

ಮೊದಲ ಗುಡಿಯ ಮುಂದೆಯೇ ಆಟ ನಿಂತಿತು. "ಕೈ ಮುಗೀಬಾರ್ದು ಅಂದ್ರ ಹೆಂಗ್ರೀ?" ಎಂದರು ಷಣ್ಮುಖಪ್ಪ. "ನಾಳೆ ಏನಾರ ಹೆಚ್ಚುಕಮ್ಮಿ ಆದ್ರ ನೀವ್ ಬರ್ತೀರೇನು?"

"ಸಾರ್, ಇದು ರಟ್ಟಿನ ಗುಡಿ," ಎಂದೆ.

"ಯಾವುದಾದ್ರೇನ್ರೀ, ಗುಡಿ ಗುಡೀನೇ." ಮೇಜಿನ ಕೆಳಗೆ ಅವರ ಎರಡೂ ಕೈ ಸೇರಿದ್ದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ಮಂಜಪ್ಪನ ಸರದಿ. "ಭಾವ, ಮಳೆಗಾಲ ಮುಗಿದ್ ಮೇಲೆ ಹಕ್ಕಿ ಹೋಗ್ತಾವಲ್ಲ, ಆವಾಗ ನಮ್ ಪಂಥದೋರು ಎಂತ ಮಾಡದು?"

"ಕಾಯಬೇಕು."

"ಅಷ್ಟು ತಿಂಗಳು ಸುಮ್ನೆ ಕೂರದಾ ಮಾರಾಯ? ಅಲ್ಲೀವರೆಗೆ ಕೆರೆಗೆ ಕೈ ಮುಗೀತಿರ್ತೀವಿ ಬಿಡು. ಹಕ್ಕಿ ಇಳಿಯದೂ ಕೆರೇಗೇ ಅಲ್ವಾ?"

"ಬಾ ಅಣ್ಣ, ಬಾ," ಎಂದು ಗಿರಿಜಾ ಅವನ ಕಾಯಿಗಳನ್ನು ತನ್ನ ಕೆರೆಯ ದಂಡೆಗೆ ಸರಿಸಿಕೊಂಡಳು. ನನ್ನ ಎರಡು ಧರ್ಮಗಳು ಕಣ್ಣೆದುರೇ ಒಂದಾಗಿಹೋದವು. ಅದಕ್ಕೆ ಕಲಂ ಇರಲಿಲ್ಲ.

ಹನ್ನೊಂದೂವರೆಯಾದರೂ ಪಾಷಂಡಿಯ ಸುಳಿವಿಲ್ಲ. ಚೈತ್ರಾ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದಳು. ಕಿಟಕಿಯಿಂದ ತಣ್ಣನೆಯ ಗಾಳಿ ಬೀಸಿತು. ನನ್ನ ಕಿಟಕಿ, ನನ್ನ ಗಾಳಿ! ನಾನು ಬೆವರುತ್ತ ಒಂದು ತಿದ್ದುಪಡಿ ಘೋಷಿಸಿದೆ: ಈ ಸುತ್ತಿನಲ್ಲಿ ಒಬ್ಬರಾದರೂ ಪಾಷಂಡಿಯಾಗಲೇಬೇಕು.

"ನೀವಾಗ್ರೀ," ಎಂದರು ಷಣ್ಮುಖಪ್ಪ, ಮಂಜಪ್ಪನ ಕಡೆ ಕೈ ತೋರಿಸಿ.

"ಛೇ ಛೇ, ಹಿರೇರು ನೀವಿದ್ದಾಗ ನಾನು ಹೆಂಗಾಗದು? ಮೊದ್ಲು ನೀವು."

"ಹಂಗಲ್ರೀ, ದೂರದಿಂದ ಬಂದೋರು ನೀವು. ನಮ್ದೇನು, ದಿನಾ ಇದ್ದಿದ್ದೇ."

ಕೊನೆಯ ದೋಸೆಯನ್ನು ಒಬ್ಬರ ತಟ್ಟೆಗೊಬ್ಬರು ದೂಡುವ ಹಾಗೆ ಇಬ್ಬರೂ ಪಾಷಂಡವನ್ನು ಕಾಲು ಗಂಟೆ ದೂಡಾಡಿದರು. ಕಡೆಗೆ ತಂಗಿಯ ಮನೆಯ ಮರ್ಯಾದೆಗೆಂದು ಮಂಜಪ್ಪ ಒಪ್ಪಿಕೊಂಡ. ರುಜು ಹಾಕಿದ. ಗಿರಿಜಾ ಒಂದು ಸಾಕ್ಷಿ ಹಾಕಿದಳು. ಎರಡನೆಯ ಸಾಕ್ಷಿಗೆ ಷಣ್ಮುಖಪ್ಪನವರ ಮುಂದೆ ಕಾಗದ ಹಿಡಿದೆ. ಅವರು ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡರು.

"ಸಾಕ್ಷಿ ಮಾತ್ರ ಹಾಕಂಗಿಲ್ರೀ. ಒಂದ್ಸಲ ಯಾರಿಗೋ ಹಾಕಿ ಏಳು ವರ್ಷ ಕೋರ್ಟಿಗೆ ತಿರುಗೀನಿ."

ನಾನೇ ಸಾಕ್ಷಿ ಹಾಕಿ ನೋಟಿಸು ಹೊರಡಿಸಿದೆ. ಒಂಬತ್ತನೆಯ ದಿನಕ್ಕೆ ಸಾಕ್ಷಿ ಹಾಕಿದ ಗಿರಿಜಳೇ ತಕರಾರು ಹೂಡಿದಳು: "ನಮ್ಮಣ್ಣ ಅಂಥೋನಲ್ಲ." ನಿಯಮದ ಪ್ರಕಾರ ನೋಟಿಸು ಮತ್ತೆ ಒಂದನೆಯ ದಿನದಿಂದ. ಮತ್ತೆ ದಾಳ ಉರುಳಿಸಿದೆವು. ಮಧ್ಯಾಹ್ನ ಒಂದು ಗಂಟೆಗೆ ಹನ್ನೆರಡನೆಯ ದಿನ ನಡೆಯುತ್ತಿತ್ತು. ಯುದ್ಧವಿಲ್ಲ, ಕೆರೆಯಿಲ್ಲ, ರಾಜರು ಬರೀ ದಾಳ ಉರುಳಿಸುತ್ತಿದ್ದರು. ಚೈತ್ರಾ ಮೊಬೈಲಿನಲ್ಲಿ ಶಿವಮೊಗ್ಗದ ಬಸ್ಸಿನ ವೇಳೆ ನೋಡುತ್ತಿದ್ದಳು.

ಅಷ್ಟರಲ್ಲಿ ಗಿರಿಜಾ ಊಟಕ್ಕೆ ಎಬ್ಬಿಸಿದಳು. ಎಲ್ಲರೂ ಸಾಲಾಗಿ ಕುಳಿತೆವು, ಅವಳು ಬಡಿಸಿದಳು. ರೊಟ್ಟಿ, ಪಲ್ಯ, ಅನ್ನ, ಅದಕ್ಕೆ ಅವಳ ಕೈಯ ಅನಾನಸ್ ಗೊಜ್ಜು. ಸೊರಬದ ಅವಳ ತವರಿನಲ್ಲಿ ಗೊಜ್ಜಿಲ್ಲದೆ ನೆಂಟರ ಊಟವಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷ, ಅವಳು ಅದನ್ನು ಬಡಿಸಿದಾಗಲೆಲ್ಲ ನಾನು "ಆಹಾ" ಎಂದಿದ್ದೇನೆ. ಅವತ್ತೂ ಎಂದೆ.

ಆದರೆ ನನ್ನ ಜೀವವೆಲ್ಲ ಕೋಣೆಯಲ್ಲಿತ್ತು. ಹೇಗಾದರೂ ಮಾಡಿ ಉಳಿಸಿಕೊಳ್ಳಬೇಕು. "ನಿಯಮದಲ್ಲಿ ಲೋಪವಿಲ್ಲ ಚೈತ್ರಾ," ಎಂದೆ. "ಪಾಷಂಡ ಅಂದ್ರೇನು ಅಂತ ಇವರಿಗೆ ಹೊಳೆದಿಲ್ಲ, ಅಷ್ಟೇ. ಒಂದು ಉದಾಹರಣೆ ಕೊಡ್ತೀನಿ. ಈ ಅನಾನಸ್ ಗೊಜ್ಜು ಈ ಮನೆಯ ಧರ್ಮ ಅಂದುಕೊಳ್ಳಿ. ಎಲ್ಲರೂ ಆಹಾ ಅಂತಾರೆ. ಹಣ್ಣನ್ನ ಹಣ್ಣಾಗೇ ತಿನ್ನಬೇಕು, ಅನ್ನಕ್ಕೆ ಕಲಸಬಾರದು ಅಂತ ಒಬ್ಬ ಅಂತಾನೆ. ಅವನೇ ಪಾಷಂಡಿ!"

"ಹೌದ್ರೀ!" ಷಣ್ಮುಖಪ್ಪ ತೊಡೆ ತಟ್ಟಿದರು. "ಖರೇ ಮಾತು. ನಾನೂ ಇದನ್ನ ಮೊದ್ಲಿಂದ ಹೇಳಾಕತ್ತೀನಿ. ಅನ್ನಕ್ಕ ಖಾರ ಇರ್ಬೇಕ್ರೀ. ಹಣ್ಣು ಕಲಸ್ಕೊಂಡ್ ತಿನ್ನಾಕ ನಾವೇನ್ ಕೂಸೇನು?"

ಮಂಜಪ್ಪ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. "ಎಂತ ಅಂದ್ರಿ? ನಿಮ್ ಮನೆ ಜೋಳದ ರೊಟ್ಟಿ ಮುರಿಯಕ್ಕೆ ಸುತ್ತಿಗೆ ಬೇಕು, ಅದಕ್ಕೆ ನಾವು ಯಾವತ್ತಾರೂ ಎಂತಾರೂ ಅಂದೀವಾ?"

"ರೊಟ್ಟಿ ಸುದ್ದಿಗೆ ಬರ್ಬ್ಯಾಡ್ರೀ!"

ಧ್ವನಿ ಏರಿತು. ಬೆಳಿಗ್ಗೆಯಿಂದ ಸಾಕ್ಷಿ ಹಾಕಲೂ ಅಂಜಿದ್ದ ಷಣ್ಮುಖಪ್ಪ ಈಗ ನೋಟಿಸಿಲ್ಲದೆ, ರುಜುವಿಲ್ಲದೆ, ತುಂಬು ಹೃದಯದ ಪಾಷಂಡಿಯಾಗಿ ಕೂತಿದ್ದರು. ಚೈತ್ರಾ ಎಡಗೈಯಲ್ಲಿ ನೋಟ್‌ಬುಕ್ಕು ಎಳೆದುಕೊಂಡು ಗೀಚತೊಡಗಿದಳು. ನನಗೆ ಖುಷಿ ತಡೆಯಲಾಗಲಿಲ್ಲ. ಕೋಣೆ ಉಳಿಯಿತು!

ಆಗ ಗಿರಿಜಾ ಸೌಟು ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಷಣ್ಮುಖಪ್ಪಣ್ಣ ಹೊರಗಿನೋರು, ಅವರ ನಾಲಿಗೆ ಅವರದ್ದು. ನೀವ್ ಹೇಳ್ರೀ. ಇದನ್ನ ಹತ್ತೊಂಬತ್ತು ವರ್ಷ ತಿಂದೀರಿ."

ಇಲ್ಲಿ ಯಾವ ಗಂಡಸೂ, ಎಷ್ಟೇ ದಡ್ಡನಾಗಿದ್ದರೂ, ಇನ್ನೊಂದು "ಆಹಾ" ಎಂದು ಬಚಾವಾಗುತ್ತಿದ್ದ. ನಾನೋ ಗೆದ್ದ ಅಮಲಿನಲ್ಲಿದ್ದೆ. ಉದಾಹರಣೆ ಇನ್ನಷ್ಟು ಗಟ್ಟಿಯಾಗಲಿ ಎಂದು ಎದೆಯುಬ್ಬಿಸಿ ಹೇಳಿದೆ: "ಸತ್ಯ ಹೇಳಬೇಕಂದ್ರೆ, ಅನ್ನಕ್ಕೆ ಅನಾನಸ್ ನನಗೂ ಸೇರಲ್ಲ."

ಮಂಜಪ್ಪ ತಾನು ತಂದ ಚೀಲದ ಕಡೆ ನೋಡಿದ.

"ಮತ್ತೆ ಇಷ್ಟು ವರ್ಷ ಆಹಾ ಅಂದಿದ್ದು?" ಎಂದಳು ಗಿರಿಜಾ.

"ಅದು... ಸೌಜನ್ಯ."

ಅವಳ ಮುಖ ಸಣ್ಣಗಾಯಿತು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಸೌಟನ್ನು ಗೊಜ್ಜಿನ ಪಾತ್ರೆಗೆ ಇಳಿಸಿದಳು. ನನಗೆ ನಿಜಕ್ಕೂ ಬೇಜಾರಾಯಿತು. ಬೆಂಬಲಕ್ಕೆಂದು ಷಣ್ಮುಖಪ್ಪನವರ ಮುಖ ನೋಡಿದೆ.

"ನನ್ ಕಡೆ ನೋಡಬ್ಯಾಡ್ರೀ," ಎಂದರು ಅವರು. "ನಾನ್ ಮೊದಲ್ನೇ ದಿನಾನೇ ಹೇಳೀನಿ. ಹತ್ತೊಂಬತ್ತು ವರ್ಷ ಆಹಾ ಅಂದು ಈಗ ಹಿಂಗಂದ್ರ ಯಾರ್ ನಂಬ್ತಾರ್ರೀ ನಿಮ್ಮನ್ನ?"

ನನ್ನ ಪಂಥದವರೇ ನನ್ನನ್ನು ಹೊರಹಾಕಿದ್ದರು. ಗಿರಿಜಾ ಎರಡನೆಯ ಸಲ ಬಡಿಸಲು ಹೊರಟಳು. ಸೌಟು ಚೈತ್ರಾಳ ತಟ್ಟೆಗೆ ಬಗ್ಗಿತು, ನನ್ನನ್ನು ದಾಟಿತು, ಮಂಜಪ್ಪನ ತಟ್ಟೆಗೆ ಬಗ್ಗಿತು. ಸಾರು ಬಂತು, ದಾಟಿತು. ಅನ್ನ ಬಂತು, ದಾಟಿತು. ಮಜ್ಜಿಗೆಯೂ ದಾಟಿತು! ನನ್ನ ತಟ್ಟೆಯಲ್ಲಿ ಉಪ್ಪು ಮತ್ತು ಅರ್ಧ ಹಪ್ಪಳ ಉಳಿದಿದ್ದವು. ನೋಟಿಸು ಬಂದಿರಲಿಲ್ಲ, ತಕರಾರಿಗೆ ಅವಕಾಶವೂ ಇರಲಿಲ್ಲ.

ಮಂಜಪ್ಪನಿಗೆ ಮನಸ್ಸು ಕರಗಿತು. "ನಾನು ಚೂರು ಅನ್ನ ಹಾಕ್ಲಾ ಭಾವಂಗೆ?"

"ಹಾಕಿದೋರೂ ಅವರ ಕಡೇನೇ," ಎಂದಳು ಗಿರಿಜಾ. ಮಂಜಪ್ಪ ಕೈ ಹಿಂದಕ್ಕೆಳೆದುಕೊಂಡ.

"ಅಕ್ಕಾ!" ಚೈತ್ರಾ ಎಂಜಲುಗೈಯಲ್ಲೇ ಎದ್ದು ನಿಂತಳು. "ಇನ್ನೊಂದು ಸಲ ಹೇಳಿ! ಇದೇ, ಇದೇ ನನಗೆ ಬೇಕಾಗಿದ್ದಿದ್ದು!"

ಊಟವಾದ ಮೇಲೆ ಹಲಗೆಯ ನಡುವೆ ಒಂದು ಮರದ ಸೌಟು ಬಂದು ಕುಳಿತಿತು. ಗಿರಿಜಾ ಹೇಳುತ್ತ ಹೋದಳು, ಚೈತ್ರಾ ಬರೆದುಕೊಳ್ಳುತ್ತ ಹೋದಳು. ಯಾರು ಬೇಕಾದರೂ ಯಾವ ಗುಡಿಗೆ ಬೇಕಾದರೂ ಕೈ ಮುಗಿಯಬಹುದು. ಹೊರಗಿನವರು ಏನಂದರೂ ಅವರು ಪಾಷಂಡಿಗಳಲ್ಲ, ನೆಂಟರು. ನಮ್ಮ ಸಾಲಲ್ಲೇ ಕೂತು ಉಂಡು ಆಮೇಲೆ ಬೇಡ ಅಂದವನೇ ಪಾಷಂಡಿ. ಸೌಟು ಅವನನ್ನು ದಾಟಿ ಹೋಗುತ್ತದೆ. ಅವನಿಗೆ ಬಡಿಸಿದವನೂ ಅವನ ಪಕ್ಷ. ಆ ಪಕ್ಷ ದೊಡ್ಡದಾದ ದಿನ ಸೌಟು ಅವರ ಕೈಗೆ. ಅಷ್ಟೇ! ಅರ್ಧ ಪುಟ! ಒಂದು 'ಸದರಿ' ಕೂಡ ಇಲ್ಲ!

ಎರಡು ಗಂಟೆ ಆಡಿದರು. ಕೂಗಾಟಕ್ಕೆ ಎದುರು ಮನೆಯವರು ಬಂದು ಇಣುಕಿದರು. ಷಣ್ಮುಖಪ್ಪ ಮೂರು ಸಲ ಪಾಷಂಡಿಯಾಗಿ ಮೂರು ಸಲವೂ ಸೌಟು ಕಿತ್ತುಕೊಂಡು ಕುಣಿದರು. ನಾನು ಮೂಲೆಯಲ್ಲಿ ಮಂಜಪ್ಪ ಗುಟ್ಟಾಗಿ ಹೆಚ್ಚಿಕೊಟ್ಟ ಅನಾನಸ್ ತಿನ್ನುತ್ತಿದ್ದೆ. ಹಣ್ಣಾಗಿಯೇ ತಿಂದೆ, ಸಿದ್ಧಾಂತವನ್ನು ಬಿಡಲಿಲ್ಲ.

ಹೊರಡುವಾಗ ಚೈತ್ರಾ ಗಿರಿಜಳ ಕೈ ಹಿಡಿದುಕೊಂಡು, ಆಟದ ಡಬ್ಬಿಯ ಮೇಲೆ ಅವಳ ಹೆಸರು ಹಾಕುವುದಾಗಿ ಹೇಳಿದಳು. ಆಮೇಲೆ ಏನೋ ನೆನಪಾದವಳಂತೆ ನನ್ನ ಕಡೆ ತಿರುಗಿದಳು. "ಶೆಡ್ಡಿನ ಕರಾರು ಮಾತ್ರ ತುಂಬಾ ಚೆನ್ನಾಗಿ ಬರೆದಿದ್ದೀರಿ ಸಾರ್."

ಅವಳು ಬೀದಿ ತಿರುಗುವ ತನಕ ಕಾದು, ನಾನು ಕೊನೆಯ ವಾದ ಮಂಡಿಸಿದೆ. "ಈ ಮನೆಯ ನಿಯಮ ಒಪ್ಪಿಗೆಯಾಯ್ತಲ್ಲ. ಹಾಗಾಗಿ ಕೋಣೆ..."

"ಒಪ್ಪಿದ್ದು ಯಾರ ನಿಯಮಾನ್ರೀ?"

ಮಂಜಪ್ಪ ಮತ್ತು ಷಣ್ಮುಖಪ್ಪ, ರೊಟ್ಟಿ ಗೊಜ್ಜಿನ ವೈರವನ್ನೆಲ್ಲ ಮರೆತು, ಆ ಕಡೆಯೊಬ್ಬರು ಈ ಕಡೆಯೊಬ್ಬರು ಹಿಡಿದು ಮಿಷನ್ ಒಳಗೆ ಸಾಗಿಸಿದರು. ಬರುವಾಗ ನನ್ನ ಮೇಜು ಹೊತ್ತು ತಂದರು. ಗಿರಿಜಾ ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಒಳಗೆ ಹೋಯಿತು. "ಎಷ್ಟು ಬೆಳಕಿದೆ ಇಲ್ಲಿ!" ಎಂದಳು, ಯಾರಿಗೂ ಅಲ್ಲ, ತನ್ನಷ್ಟಕ್ಕೆ. ಇಷ್ಟು ವರ್ಷ ಇದನ್ನು ಅವಳಿಗೆ ಕೊಡದೆ ಕೂತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ನಾಚಿಕೆಯನ್ನು ಬಾಯಿಬಿಟ್ಟು ಹೇಳೋಣವೆಂದು ಹತ್ತಿರ ಹೋದೆ. "ಕೋಣೆ ನಿನಗೇ ಚೆನ್ನಾಗಿ ಒಪ್ಪುತ್ತೆ ಗಿರಿಜಾ. ಆಹಾ!" ಎಂದೆ.

ಅವಳು ತಲೆಯೆತ್ತಿ ನೋಡಿದಳು. "ಬರೆದುಕೊಡಿ," ಎಂದಳು. "ನಿಮ್ಮ ಆಹಾ ನಂಬಕ್ಕಾಗಲ್ಲ."

ಸಂದಿಗೆ ಬಂದು, ಬಲ್ಬು ಹಾಕಿ, ಬರೆಯಲು ಕುಳಿತೆ. ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಸುರಿದು, ಯಾವ ವಕೀಲನೂ ಲೋಪ ಹುಡುಕಲಾಗದಂತೆ ಬರೆದೆ. ಸದರಿ ಕೋಣೆಯನ್ನು ಸ್ವಸ್ಥಚಿತ್ತನಾಗಿ, ಖುದ್ದು ಇಚ್ಛೆಯಿಂದ, ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ. ಸದರಿ ಕೋಣೆಗೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಷಣ್ಮುಖಪ್ಪನವರ ಗೋಡೆ, ದಕ್ಷಿಣಕ್ಕೆ ಅಡುಗೆಮನೆ, ಪಶ್ಚಿಮಕ್ಕೆ ಬಚ್ಚಲ ಸಂದಿ ಹಾಗೂ ಸದರಿ ಸಂದಿಯಲ್ಲಿ, ಯಾರಾದರೂ ಸ್ನಾನಕ್ಕೆ ಬಂದಲ್ಲಿ ಎದ್ದು ಸ್ಟೂಲು ಸರಿಸಿ ದಾರಿ ಬಿಡತಕ್ಕ ನಾನು.